ಎಡಗೈ ಕತ್ತರಿಯ ಅಂಗಡಿ

ಬಾಳೆಕಾಯಿ ಚಿಪ್ಸ್ ಎಂದು ಮೂವತ್ತೊಂದು ಮಂದಿ ಬರೆದಿದ್ದರು.

ಎರಡು ಸಾವಿರದ ಏಳನೇ ಇಸವಿಯ ಜೂನ್ ತಿಂಗಳ ಒಂದು ಶನಿವಾರ, ಎರ್ನಾಕುಳಂನ ಒಂದು ಹೋಟೆಲಿನ ಏಸಿ ಹಾಲ್‌ನಲ್ಲಿ ಆನ್‌ಲೈನ್ ವ್ಯಾಪಾರ ಕಲಿಯಲು ನಲವತ್ತೆಂಟು ಜನ ಸೇರಿದ್ದರು. ಎಲ್ಲರ ಕೈಗೂ ಒಂದೊಂದು ಹಳದಿ ಚೀಟಿ ಕೊಟ್ಟು, 'ನೀವು ಜಗತ್ತಿಗೆ ಏನನ್ನು ಮಾರುತ್ತೀರಿ?' ಎಂದು ಬರೆಯಲು ಹೇಳಲಾಗಿತ್ತು. ಮೂವತ್ತೊಂದು ಚಿಪ್ಸ್, ಒಂಬತ್ತು ಉಪ್ಪಿನಕಾಯಿ, ನಾಲ್ಕು ಕೂದಲೆಣ್ಣೆ, ಮೂರು ಜಾತಕ. ನಲವತ್ತೆಂಟನೆಯ ಚೀಟಿ ಖಾಲಿಯಿತ್ತು. ಅದು ತ್ರಿಪ್ಪುಣಿತ್ತುರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದ ಕುಸುಮಾವತಿಯದು.

ಪಾಠ ಹೇಳುತ್ತಿದ್ದವಳು ವಿಜೇತಾ ಮೇಡಂ. ವಯಸ್ಸು ಮೂವತ್ತೈದರ ಆಸುಪಾಸು, ಕಪ್ಪು ಕೋಟು, ಕಿವಿಯಿಂದ ಬಾಯಿಯವರೆಗೆ ಬಾಗಿದ ಮೈಕು. ಇಂಗ್ಲಿಷಿನಲ್ಲಿ ಶುರುವಾದ ಮಾತು ಮಲಯಾಳದಲ್ಲಿ ಮುಗಿಯುತ್ತಿತ್ತು. "ನಿಶ್!" ಎಂದಳು ಆಕೆ. "ಯಾರೂ ಕಾಲಿಡದ ಸಣ್ಣ ಮೂಲೆ. ಅದನ್ನು ಹುಡುಕಿ. ಅದೇ ನಿಮ್ಮ ನಿಶ್!" ಮುಂದಿನ ಸಾಲಿನವರು ಅದನ್ನೂ ಬರೆದುಕೊಂಡರು. ಯಾರೋ ಸೀನಿದಂತೆ ಕೇಳಿತು ಕುಸುಮಾವತಿಗೆ.

ಮಧ್ಯಾಹ್ನ ಊಟದ ಸಾಲಿನಲ್ಲಿ ಅವಳು ಬಲಗೈಯಲ್ಲಿ ತಟ್ಟೆ ಹಿಡಿದು ಎಡಗೈಯಿಂದ ಸಾಂಬಾರಿನ ಸೌಟು ಎತ್ತಿದಳು. ಹಿಂದಿದ್ದ ಚಿಪ್ಸ್ ಮನುಷ್ಯರಲ್ಲಿ ಒಬ್ಬ, "ಚೇಚ್ಚಿ, ಬಲಗೈ, ಬಲಗೈ," ಎಂದು ಅಕ್ಕನಿಗೆ ಹೇಳುವ ಕಾಳಜಿಯಿಂದ ನೆನಪಿಸಿದ.

ಈ ಕಾಳಜಿ ಅವಳಿಗೆ ನಲವತ್ತೆಂಟು ವರ್ಷಗಳಿಂದ ಸಿಗುತ್ತಲೇ ಇತ್ತು. ಕಾಸರಗೋಡಿನ ಶಾಲೆಯಲ್ಲಿ ಮಾಸ್ತರರು ಎಡಗೈ ಗೆಣ್ಣಿಗೆ ಅಡಿಕೋಲಿನಿಂದ ಬಾರಿಸಿ ಅಕ್ಷರಗಳನ್ನು ಬಲಗೈಗೆ ವರ್ಗ ಮಾಡಿಸಿದ್ದರು. ಮದುವೆಯಾದ ಹೊಸತರಲ್ಲಿ ಅತ್ತೆ, ಸೊಸೆ ಎಡಗೈಯಲ್ಲಿ ಬಡಿಸಿದ ಪಾಯಸವನ್ನು ಪಕ್ಕಕ್ಕೆ ಸರಿಸಿ, ಎರಡು ನಿಮಿಷ ಬಿಟ್ಟು ಅದೇ ಪಾಯಸವನ್ನು ತಾನೇ ಬಡಿಸಿಕೊಂಡು ಎರಡು ಲೋಟ ಕುಡಿದಿದ್ದಳು. ಊಟ, ಬರಹ, ನಮಸ್ಕಾರ, ದಕ್ಷಿಣೆ ಎಲ್ಲವನ್ನೂ ಬಲಗೈ ಕಲಿತಿತ್ತು. ಕತ್ತರಿ ಮಾತ್ರ ಕಲಿಯಲಿಲ್ಲ. ಅಕ್ಕಪಕ್ಕದ ಹೆಂಗಸರಿಗೆ ಅವಳು ರವಿಕೆ ಹೊಲಿದುಕೊಡುತ್ತಿದ್ದಳು. ಅಂಗಡಿಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬಟ್ಟೆ ಕತ್ತರಿಸುವುದರ ಬದಲು ಎರಡು ಅಲಗುಗಳ ನಡುವೆ ಮಡಚಿಕೊಂಡು ಕೂರುತ್ತಿತ್ತು. ಗೆರೆ ಎಲ್ಲಿದೆಯೆಂದು ನೋಡಲು ಕತ್ತನ್ನು ಬಾತುಕೋಳಿಯಂತೆ ತಿರುಗಿಸಬೇಕಾಗುತ್ತಿತ್ತು.

ಅವಳು ಸಾಂಬಾರನ್ನು ಎಡಗೈಯಲ್ಲೇ ಬಡಿಸಿಕೊಂಡಳು. ಊಟವಾದ ಮೇಲೆ ವಿಜೇತಾ ಮೇಡಂ ಹತ್ತಿರ ಇನ್ನೊಂದು ಹಳದಿ ಚೀಟಿ ಕೇಳಿ ಪಡೆದು ಬರೆದಳು: 'ಕತ್ತರಿ. ಎಡಗೈಯವರಿಗೆ.'

ಮೇಡಂ ಅದನ್ನು ಎರಡು ಸಲ ಓದಿ, ಆಮೇಲೆ ಇಡೀ ಹಾಲಿಗೆ ಕೇಳುವಂತೆ ಸೀನಿದಳು. "ನಿಶ್!"

*

"ಅಮ್ಮೇ, ಇದಾರ್ ಮೇಡಿಕ್ಕಾನಾ?" ಎಂದಳು ಮಗಳು ಮೇಧಾ. ಯಾರು ಕೊಂಡುಕೊಳ್ಳುತ್ತಾರೆ ಇದನ್ನು ಎಂದು. ಕಳಮಶ್ಶೇರಿಯಲ್ಲಿ ಬಿ.ಟೆಕ್ ಓದುತ್ತಿದ್ದ ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲೇ ಬರುತ್ತಿತ್ತು.

ಗಂಡ ಉಪೇಂದ್ರ ಪತ್ರಿಕೆಯಿಂದ ತಲೆಯೆತ್ತಲಿಲ್ಲ. ಅವನು ಎರ್ನಾಕುಳಂನಲ್ಲಿ ಸರ್ಕಾರಿ ವಕೀಲರ ಕಚೇರಿಯ ಸೂಪರಿಂಟೆಂಡೆಂಟ್. ಇಪ್ಪತ್ತಾರು ವರ್ಷ ಅಫಿಡವಿಟ್ಟುಗಳ ನಡುವೆ ಬದುಕಿ, ಉಪ್ಪು ಕೇಳಬೇಕಾದರೂ ಹಿನ್ನೆಲೆ ಸಮೇತ ಕೇಳುವ ಅಭ್ಯಾಸವಾಗಿತ್ತು.

"ಕುಸುಮ, ಕತ್ತರಿ ಅಂದ್ರೆ ಹರಿತದ ವಸ್ತು. ಯಾರದ್ದಾದ್ರೂ ಬೆರಳು ಹೋದ್ರೆ ಹೊಣೆ ಯಾರು?"

"ಬಲಗೈ ಕತ್ತರಿ ಮಾರುವವರನ್ನು ಹೀಗೆ ಕೇಳ್ತೀರಾ ನೀವು?"

"ಅವ್ರು ನನ್ನ ಹೆಂಡ್ತಿ ಅಲ್ಲ ಅಲ್ವಾ."

ಮರುದಿನವೇ ಅವಳು ಕಳಮಶ್ಶೇರಿಗೆ ಹೋಗಿ ಪೈಲಿ ಚೇಟ್ಟನ ವರ್ಕ್‌ಶಾಪು ಹುಡುಕಿದಳು. ಟೈಲರುಗಳ ಕತ್ತರಿ ಮಾಡುವುದು, ಸಾಣೆ ಹಿಡಿಯುವುದು ಪೈಲಿಯ ಕಸುಬು. ಎದೆಯವರೆಗೆ ಬಿಳಿ ಗಡ್ಡ, ಕಿವಿಯ ಮೇಲೆ ಬೀಡಿ. ಎಡಗೈ ಕತ್ತರಿ ಎಂದ ಕೂಡಲೆ, "ಅದಕ್ಕೇನು, ಆಯಿತು," ಎಂದ. ಒಂದು ವಾರದ ಮೇಲೆ ಕೊಟ್ಟ ಕತ್ತರಿಯಲ್ಲಿ ಹಿಡಿಕೆಯ ತೂತುಗಳು ಮಾತ್ರ ಅದಲು ಬದಲಾಗಿದ್ದವು. ಅಲಗು ಹಾಗೇ ಇತ್ತು. ಬಟ್ಟೆ ಮತ್ತೆ ಮಡಚಿಕೊಂಡಿತು.

"ಹಿಡಿಕೆ ಅಲ್ಲ ಚೇಟ್ಟಾ, ಅಲಗನ್ನೇ ತಿರುಗಿಸಬೇಕು. ಕನ್ನಡಿಯಲ್ಲಿ ಕಾಣುವ ಹಾಗೆ."

ಪೈಲಿ ನಿಜವಾಗಿಯೂ ಒಂದು ಕನ್ನಡಿ ತರಿಸಿದ. ಅದರ ಮುಂದೆ ಒಂದು ಒಳ್ಳೆಯ ಕತ್ತರಿ ಹಿಡಿದು, ಅದರೊಳಗಿನ ಕತ್ತರಿಯನ್ನು ತುಂಬಾ ಹೊತ್ತು ದುರುಗುಟ್ಟಿ ನೋಡಿದ. ಮೂವತ್ತು ವರ್ಷ ಕತ್ತರಿ ಮಾಡಿದ ಕೈ ಎರಡು ಸಲ ಮರೆತು ಹಳೆಯ ದಿಕ್ಕಿಗೇ ಸಾಣೆ ಹಿಡಿಯಿತು. ಮೂರನೆಯದು ಸರಿಯಾಗಿ ಬಂತು.

ಕುಸುಮಾವತಿ ಅದನ್ನು ಎಡಗೈಗೆ ಹಾಕಿಕೊಂಡು, ಚೀಲದಲ್ಲಿ ತಂದಿದ್ದ ಹಳೆಯ ಕಾಟನ್ ಬಟ್ಟೆಯ ಮೇಲೆ ಬಿಟ್ಟಳು. ಕರ್ ಎಂಬ ಒಂದೇ ಸದ್ದು. ಗೆರೆ ಕಣ್ಣೆದುರಿಗೇ ಇತ್ತು, ಕತ್ತು ನೆಟ್ಟಗೇ ಇತ್ತು, ಬಟ್ಟೆ ಎರಡಾಗಿ ಬಿದ್ದಿತ್ತು. ಅವಳು ಇನ್ನೊಂದು ಗೆರೆ ಕತ್ತರಿಸಿದಳು. ಮತ್ತೊಂದು. ಕೊನೆಗೆ ಪೈಲಿ, "ಚೇಚ್ಚಿ, ಬಟ್ಟೆ ಮುಗಿಯಿತು," ಎಂದಾಗ ನೋಡಿದರೆ ಮೇಜಿನ ಮೇಲೆಲ್ಲ ರಿಬ್ಬನ್ನು. ಅವಳಿಗೆ ಅಳು ಬಂದಂತಾಗಿ, ಹೊರಗೆ ಹೋಗಿ ನಿಂತು, ಇಷ್ಟು ವರ್ಷ ತನ್ನ ಕೈ ಸೊಟ್ಟ ಎಂದ ಎಲ್ಲರನ್ನೂ ಹೆಸರು ಹಿಡಿದು ಬೈದುಕೊಂಡಳು. ಅತ್ತೆಯ ಹೆಸರು ಎರಡು ಸಲ ಬಂತು.

*

ವೆಬ್‌ಸೈಟ್ ಮಾಡಿಕೊಟ್ಟವರು ಪಕ್ಕದ ಬೀದಿಯ ಓಂಕಾರಪ್ಪನವರು. ಹಾವೇರಿ ಕಡೆಯವರು, ಬ್ಯಾಂಕಿನ ಕಂಪ್ಯೂಟರ್ ವಿಭಾಗದಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಮಾಡಲು ಕೆಲಸವಿಲ್ಲದೆ, ಕೇಳಿದವರಿಗೂ ಕೇಳದವರಿಗೂ ವೆಬ್‌ಸೈಟ್ ಮಾಡಿಕೊಡುತ್ತಿದ್ದರು.

"ಅಕ್ಕಾರ, ನೀವ್ ಚಿಂತಿ ಬಿಡ್ರಿ. ಹಿಂತಾ ವೆಬ್‌ಸೈಟ್ ಕೇರಳದಾಗ ಇರಬಾರ್ದು, ಹಂಗ ಮಾಡ್ತೇನಿ," ಎಂದರು.

ಹೇಳಿದಂತೆಯೇ ಮಾಡಿದರು. ಪುಟ ತೆರೆದರೆ ಮೊದಲು ಕೊಳಲು ಕೇಳಿಸುತ್ತಿತ್ತು. ಮೇಲಿನಿಂದ ಮಲ್ಲಿಗೆ ಉದುರುತ್ತಿತ್ತು. ಎರಡು ದೀಪ ಮಿಣುಕುತ್ತಿದ್ದವು. ಕೆಳಗೆ, ಎಷ್ಟು ಜನ ಬಂದು ನೋಡಿದರು ಎಂದು ಎಣಿಸುವ ಮೀಟರು. ಪೈಲಿಯ ಕತ್ತರಿಯನ್ನು ಕುಸುಮಾವತಿ ಹಿಡಿದುಕೊಂಡ ಫೋಟೊ ನಡುವೆ ಎಲ್ಲೋ ಇತ್ತು. ಅದು ಪರದೆಗೆ ಪೂರ್ತಿ ಇಳಿಯಲು ಎರಡು ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತು ಕಾಯದೆ ಅವಳು, "ಚೆಂದ ಉಂಟು," ಎಂದುಬಿಟ್ಟಳು.

ಉಪೇಂದ್ರನೂ ಸುಮ್ಮನಿರಲಿಲ್ಲ. ಹೆಂಡತಿ ಹೇಗೂ ಕೇಳುವುದಿಲ್ಲವೆಂದು ಖಚಿತವಾದ ಮೇಲೆ, ಅವಳನ್ನು ಕಾನೂನಿನಿಂದ ಕಾಪಾಡುವ ಪಣ ತೊಟ್ಟು, ಎರಡು ಭಾನುವಾರ ಕೂತು ನಿಯಮ ಮತ್ತು ಷರತ್ತುಗಳನ್ನು ಬರೆದ. ಇಂಗ್ಲಿಷಿನಲ್ಲಿ, ಹನ್ನೊಂದು ಪುಟ.

ಐದು ವಾರ ಕಳೆಯಿತು. ಮೀಟರು ಮುನ್ನೂರ ಹನ್ನೆರಡು ತೋರಿಸುತ್ತಿತ್ತು. ಅದರಲ್ಲಿ ಇನ್ನೂರ ತೊಂಬತ್ತು ಸಲ ತಾವೇ ತೆರೆದು ನೋಡಿದ್ದಾಗಿ ಓಂಕಾರಪ್ಪನವರು ಒಪ್ಪಿಕೊಂಡರು. ಆರ್ಡರು ಸೊನ್ನೆ. ಬಂದ ಒಂದೇ ಒಂದು ಇ-ಮೇಲು, ಕುಸುಮಾವತಿಗೆ ವಿದೇಶದಲ್ಲಿ ಲಾಟರಿ ಹೊಡೆದಿದೆ ಎಂದು ಹೇಳುತ್ತಿತ್ತು. ವಿಜೇತಾ ಮೇಡಂ ಕೊಟ್ಟ ಫೈಲಿನಲ್ಲಿ 'ಏಳು ಚಿನ್ನದ ಪಾಠಗಳು' ಇದ್ದವು. ನಾಲ್ಕನೆಯದು 'ತಾಳ್ಮೆ', ಐದನೆಯದು 'ವೇಗ'. ಕುಸುಮಾವತಿ ಎರಡನ್ನೂ ಎರಡೆರಡು ಸಲ ಓದಿ ಫೈಲನ್ನು ಅಲಮಾರಿಗೆ ಸೇರಿಸಿದಳು.

ವಿಷಯ ಪತ್ತೆ ಮಾಡಿದವಳು ಮೇಧಾ. ಅವಳ ಕ್ಲಾಸಿನಲ್ಲಿ ಕೃಪಾ ಎಂಬ ಎಡಗೈ ಹುಡುಗಿಯಿದ್ದಳು. ಕಾಲೇಜಿನ ಲ್ಯಾಬಿನಲ್ಲಿ ಅವಳನ್ನು ಕೂರಿಸಿ ಸೈಟ್ ತೆರೆದು ತೋರಿಸಿದಳಂತೆ. ಮಲ್ಲಿಗೆ ಉದುರಿತು, ಕೊಳಲು ನುಡಿಯಿತು, ಆಮೇಲೆ ಉಪೇಂದ್ರನ ಹನ್ನೊಂದು ಪುಟ ಅಡ್ಡ ನಿಂತಿತು. ಕೊನೆಯವರೆಗೆ ಹೋಗಿ 'ಒಪ್ಪಿದ್ದೇನೆ' ಒತ್ತದೆ ಕತ್ತರಿಯ ದರ್ಶನವಿಲ್ಲ.

"ಅವಳ್ ಪೇಡಿಚ್ಚುಪೋಯಿ," ಎಂದಳು ಮೇಧಾ. ಹೆದರಿ ಎದ್ದೇ ಹೋದಳು.

ಕುಸುಮಾವತಿ ಅಲ್ಲಿಯವರೆಗೆ ಆ ಪುಟಗಳನ್ನು ಓದಿರಲಿಲ್ಲ. ಈಗ ಮಗಳಿಂದ ಓದಿಸಿದಳು. ಹದಿನಾಲ್ಕನೆಯ ಷರತ್ತು: ಗ್ರಾಹಕನು ತನ್ನ ಅಥವಾ ಅನ್ಯರ ಬೆರಳನ್ನು, ಪೂರ್ತಿಯಾಗಿಯೋ ಭಾಗಶಃ ಆಗಿಯೋ, ಕಳೆದುಕೊಂಡಲ್ಲಿ ಮಾರಾಟಗಾರಳು ಹೊಣೆಯಲ್ಲ. ಇಪ್ಪತ್ತೆರಡನೆಯದು: ಕತ್ತರಿಯ ನಿಮಿತ್ತ ಉಂಟಾಗುವ ಕೌಟುಂಬಿಕ ಕಲಹ, ಜೀವನಾಂಶ ಹಾಗೂ ಆನುಷಂಗಿಕ ವೆಚ್ಚಗಳಿಗೆ ಸಂಬಂಧಿಸಿದಂತೆ ಮಾರಾಟಗಾರಳನ್ನು ಪಕ್ಷಗಾರಳನ್ನಾಗಿ ಮಾಡತಕ್ಕದ್ದಲ್ಲ.

"ಇದು ಎಂತ ಮಾರಾಯ್ರೇ? ಕತ್ತರಿ ಮಾರ್ಲಿಕ್ಕೆ ಕೂತದ್ದಾ, ಕೊಲೆ ಕೇಸು ನಡಿಸ್ಲಿಕ್ಕೆ ಕೂತದ್ದಾ?"

"ನಾಳೆ ಎಂತಾದ್ರೂ ಆದ್ರೆ ನನ್ನ ನೆನಪಾಗ್ತದೆ ನಿನಗೆ," ಎಂದ ಉಪೇಂದ್ರ ಗಂಭೀರವಾಗಿ.

ಹನ್ನೊಂದು ಪುಟ ಎರಡು ಸಾಲಾಯಿತು: 'ಕತ್ತರಿ ಹರಿತವಾಗಿದೆ, ಜಾಗ್ರತೆ. ಇಷ್ಟವಾಗದಿದ್ದರೆ ವಾಪಸು ಕಳಿಸಿ.' ಕ್ರೆಡಿಟ್ ಕಾರ್ಡಿನ ಏರ್ಪಾಡಿಗೆ ಯಾವ ಬ್ಯಾಂಕೂ ಇಂಥ ಸಣ್ಣ ಅಂಗಡಿಯನ್ನು ಹತ್ತಿರ ಸೇರಿಸಿರಲಿಲ್ಲ. ಕೊಳ್ಳುವವರಲ್ಲಿ ಕಾರ್ಡು ಇದ್ದವರೂ ಕಡಿಮೆ. ಹಾಗಾಗಿ ಪಾರ್ಸೆಲು ಬಂದಾಗ ಪೋಸ್ಟ್‌ಮ್ಯಾನ್ ಕೈಗೇ ದುಡ್ಡು ಕೊಡುವ ವಿ.ಪಿ.ಪಿ.ಯೇ ಸಾಕು ಎಂದು ತೀರ್ಮಾನಿಸಿದಳು.

*

ಅಡ್ಡ ನಿಂತಿದ್ದ ಷರತ್ತುಗಳು ಹೋದದ್ದೇ, ಮುಂದಿನ ವಾರದಿಂದ ಇ-ಮೇಲುಗಳು ಬರತೊಡಗಿದವು. ಎಲ್ಲವೂ ಬೈಗುಳ.

'ಎಡಗೈಯವರೆಂದರೆ ಕುರುಡರೆಂದು ತಿಳಿದಿದ್ದೀರಾ?' ಎಂದು ಪಾಲಕ್ಕಾಡಿನ ಒಬ್ಬರು ಬರೆದಿದ್ದರು. 'ಇದು ಬಲಗೈ ಕತ್ತರಿ. ಹಿಡಿದಿರುವುದೂ ಬಲಗೈ. ನಾಚಿಕೆಯಾಗಬೇಕು,' ಎಂದು ಕೊಲ್ಲಂನ ಡ್ರಾಯಿಂಗ್ ಟೀಚರು. ಹೀಗೆ ಎರಡು ವಾರದಲ್ಲಿ ಹದಿನಾಲ್ಕು ಬಂದವು.

ಕುಸುಮಾವತಿ ಕಂಪ್ಯೂಟರಿನ ಮುಂದೆ ಕೂತು, ಫೋಟೊ ಪೂರ್ತಿ ಇಳಿಯುವವರೆಗೆ ಮೊದಲ ಬಾರಿಗೆ ಕಾದಳು. ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಮುಖ, ಸೀರೆ, ಬಳೆ, ಕೈ, ಕತ್ತರಿ ಬಂದವು. ಕೈ ಬಲಗೈ. ಕತ್ತರಿ ಬಲಗೈಯದು. ಅಷ್ಟೇ ಅಲ್ಲ, ಮೂಗುತಿ ಕೂಡ ಆಚೆ ಬದಿಗೆ ಹೋಗಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು ನೇರ ಓಂಕಾರಪ್ಪನವರ ಮನೆಗೆ ನಡೆದಳು.

"ಫೋಟೋ ತಿರುಗಿಸಿದ್ದು ನೀವಾ?"

"ಹೌದ್ರೀ, ನಾನಽ," ಎಂದರು ಅವರು ಹೆಮ್ಮೆಯಿಂದ. "ಒಂದ್ ಬಟನ್ ಒತ್ತಿದ್ರ ಆತು. ಹೊಸಾ ವ್ಯಾಪಾರ, ಎಡಗೈಲೆ ಯಾಕ ಸುರು ಮಾಡೋದು ಅಂತ… ನೋಡಾಕೂ ಲಕ್ಷಣ ಕಾಣಬೇಕಲ್ರೀ?"

"ಓಂಕಾರಪ್ಪನವರೇ, ನಾನು ಮಾರುವುದು ಎಂತ?"

"ಎಡಗೈ ಕತ್ರಿ…" ಎಂದವರು ಅಲ್ಲಿಗೇ ನಿಂತರು. "ಅಯ್ಯ ಶಿವನಽ! ಎಂಥಾ ಮಂಗ್ಯಾ ನಾನು!"

ಅವಳಿಗೆ ಬಾಯಿತುಂಬ ಬೈಯಬೇಕೆನಿಸಿತ್ತು. ಆದರೆ ಆ ಮನುಷ್ಯ ತಮ್ಮ ತಲೆಗೆ ತಾವೇ ಎಷ್ಟು ಜೋರಾಗಿ ಹೊಡೆದುಕೊಂಡರೆಂದರೆ, ಒಳಗಿನಿಂದ ಅವರ ಹೆಂಡತಿ ಕಮಲಮ್ಮ ಏನು ಬಿತ್ತೆಂದು ನೋಡಲು ಬಂದರು. ಕುಸುಮಾವತಿ ನಗು ತಡೆಯಲಾರದೆ ಅಲ್ಲೇ ಸೋಫಾದ ಮೇಲೆ ಕುಳಿತಳು. ಚಹಾ ಬಂತು. ಅವಳ ಎದುರಿಗೇ ಓಂಕಾರಪ್ಪನವರು ಫೋಟೊ ತಿರುಗಿಸಿದರು. ಅದೇ ಕೈಯಲ್ಲಿ ಕೊಳಲು, ಮಲ್ಲಿಗೆ, ದೀಪ ಮೂರನ್ನೂ ಕಿತ್ತರು. ಮಲ್ಲಿಗೆ ಕೀಳುವಾಗ ಮುಖ ಸ್ವಲ್ಪ ಸಣ್ಣದಾಯಿತು.

ಮನೆಗೆ ಬಂದು ಅವಳು ಹದಿನಾಲ್ಕು ಬೈಗುಳಗಳನ್ನು ಮತ್ತೊಮ್ಮೆ ಓದಿದಳು. ಆಗ ಹೊಳೆಯಿತು: ಫೋಟೊ ಇಳಿಯಲು ಎರಡು ನಿಮಿಷ. ಅಷ್ಟು ಹೊತ್ತು ಕಾದು, ಅಲಗಿನ ದಿಕ್ಕು ನೋಡಿ, ಸಿಟ್ಟುಗೊಂಡು, ಕೂತು ಪತ್ರ ಬರೆದವರು ಇವರು. ಇವರಿಗಿಂತ ಗಟ್ಟಿ ಗಿರಾಕಿ ಎಲ್ಲಿ ಸಿಗಬೇಕು? ಹದಿನಾಲ್ಕೂ ಜನರಿಗೆ ಬೇರೆ ಬೇರೆಯಾಗಿ ಉತ್ತರ ಬರೆದಳು. ಏನಾಯಿತೆಂಬುದನ್ನು ಮುಚ್ಚಿಡದೆ ಹೇಳಿದಳು, ಮೂಗುತಿಯ ಕತೆಯನ್ನೂ ಸೇರಿಸಿ. ಸರಿಯಾದ ಫೋಟೊ ಇಟ್ಟಳು. ಬೆರಳಚ್ಚು ಮಾಡಿದವಳು ಮೇಧಾ. ಅಮ್ಮ ಹೇಳಿದ ಕನ್ನಡ ಅವಳ ಬೆರಳಲ್ಲಿ ಇಂಗ್ಲಿಷಾಗಿ ಇಳಿಯಿತು.

ಒಂಬತ್ತು ಜನ ಕತ್ತರಿ ತರಿಸಿಕೊಂಡರು. ಪಾಲಕ್ಕಾಡಿನವರು ಎರಡು ತರಿಸಿಕೊಂಡರು. ಕೊಲ್ಲಂನ ಟೀಚರು ತಮ್ಮ ಶಾಲೆಯ ಎಡಗೈ ಮಕ್ಕಳಿಗೆ ಸಣ್ಣ ಗಾತ್ರದ್ದು ಸಿಗುತ್ತದೆಯೇ ಎಂದು ಕೇಳಿದರು. ಪೈಲಿ ಮತ್ತೆ ಕನ್ನಡಿಯ ಮುಂದೆ ಕೂತ.

*

ನವೆಂಬರಿನಲ್ಲಿ ವಿಜೇತಾ ಮೇಡಂ ಫೋನು ಮಾಡಿದಳು. ತಿರುವನಂತಪುರದಲ್ಲಿ ದೊಡ್ಡ ಶಿಬಿರ, ಇನ್ನೂರು ಜನ. ಹಳೆಯ ವಿದ್ಯಾರ್ಥಿಗಳಲ್ಲಿ ಗೆದ್ದವರೊಬ್ಬರು ಮಾತಾಡಬೇಕು. ಜೂನಿನ ನಲವತ್ತೆಂಟು ಜನರಲ್ಲಿ ಅಂಗಡಿ ತೆರೆದವಳು ಕುಸುಮಾವತಿ ಒಬ್ಬಳೇ ಎಂಬುದು ಫೋನಿನ ಕೊನೆಗೆ ತಿಳಿಯಿತು. ಚಿಪ್ಸಿನವರು ಮೂವತ್ತೊಂದು ಜನರೂ ಒಬ್ಬರನ್ನೊಬ್ಬರು ನೋಡಿ ಹೆದರಿ ಮನೆಗೆ ಹೋಗಿದ್ದರು.

ಉಪೇಂದ್ರ ಒಂದು ದಿನ ರಜೆ ಹಾಕಿ ಜೊತೆಗೆ ಹೊರಟ. ಬೆಳಗಿನ ರೈಲಿನಲ್ಲಿ ಹೋಗಿ ತಂಬಾನೂರು ನಿಲ್ದಾಣದಲ್ಲಿ ಇಳಿದು ಹೋಟೆಲು ಸೇರಿದಾಗ, ವೇದಿಕೆಯ ಮೇಲೆ ಅವಳ ಫೋಟೊ ಹಾಕಿದ ಬ್ಯಾನರು ಆಗಲೇ ತೂಗುತ್ತಿತ್ತು. ವಿಜೇತಾ ಮೇಡಂ ಅವಳನ್ನು ಪರದೆಯ ಹಿಂದಕ್ಕೆ ಕರೆದು ಒಂದು ಕಾರ್ಡು ಕೊಟ್ಟಳು. ಹೇಳಬೇಕಾದ ಮಾತುಗಳು ಅದರಲ್ಲಿದ್ದವು: ತಿಂಗಳಿಗೆ ಒಂದು ಲಕ್ಷ, ಎಂಟು ದೇಶ, ಏಳು ಪಾಠ.

"ಎಂಟು ದೇಶ ಯಾವುದೆಲ್ಲ?" ಎಂದು ಕುಸುಮಾವತಿ ಮಲಯಾಳದಲ್ಲಿ ಕೇಳಿದಳು.

"ಅದನ್ನೆಲ್ಲ ಯಾರೂ ಕೇಳುವುದಿಲ್ಲ, ಚೇಚ್ಚಿ."

ಕಾರ್ಡನ್ನು ಗಂಡನಿಗೆ ತೋರಿಸಿದಳು. ಉಪೇಂದ್ರ ಕನ್ನಡಕ ಹಾಕಿ ಓದಿ, "ಇದು ಶುದ್ಧ ವಂಚನೆ," ಎಂದ. "ಹೇಳ್ಬೇಡ. ಹೇಳಿ ಕೇಸಾದ್ರೆ ನಾನು ಉತ್ತರ ಡ್ರಾಫ್ಟ್ ಮಾಡ್ಲಿಕ್ಕೂ ಬರುದಿಲ್ಲ."

ಅವಳು ಮೈಕಿನ ಮುಂದೆ ನಿಂತಳು. ಇನ್ನೂರು ಮುಖ. ಇನ್ನೂರು ಪೆನ್ನು. ಮಾತಾಡಲು ಬಂದದ್ದು ಕಾಸರಗೋಡಿನ ಮಲಯಾಳ. ಮೊದಲ ವಾಕ್ಯಕ್ಕೇ ತಿರುವನಂತಪುರದವರು ಕಿಸಕ್ಕೆಂದರು. ಆ ನಗುವಿನಿಂದ ಅವಳಿಗೆ ಧೈರ್ಯ ಬಂತು. ಹೇಗೂ ನಕ್ಕಾಯಿತು, ಇನ್ನೇನು ಹೋಗುವುದಿದೆ.

"ನಾನು ಇಲ್ಲಿಯವರೆಗೆ ಮಾರಿದ್ದು ಹತ್ತೊಂಬತ್ತು ಕತ್ತರಿ," ಎಂದಳು. "ತಿಂಗಳಿಗೆ ಅಲ್ಲ. ಒಟ್ಟು. ದೇಶ ಅರ್ಧ. ಒಬ್ಬ ನರ್ಸು ಕೈಚೀಲದಲ್ಲಿ ಶಾರ್ಜಾಕ್ಕೆ ಒಂದು ಒಯ್ಯುತ್ತಿದ್ದಳು, ವಿಮಾನ ಹತ್ತುವ ಮೊದಲೇ ಅದನ್ನು ತೆಗೆಸಿಟ್ಟರು."

ಹಾಲ್ ಗೊಳ್ಳೆಂದಿತು. ಅವಳು ಮಲ್ಲಿಗೆಯ ಕತೆ ಹೇಳಿದಳು, ಬೆರಳಿನ ಷರತ್ತು ಹೇಳಿದಳು — ಉಪೇಂದ್ರ ಮೂರನೆಯ ಸಾಲಿನಲ್ಲಿ ಛಾವಣಿ ನೋಡುತ್ತ ಕೂತ — ತಿರುಗಿದ ಮೂಗುತಿ ಹೇಳಿದಳು. "ನಿಮ್ಮ ಅಂಗಡಿಯನ್ನು ನೀವೇ ಒಮ್ಮೆ ಗಿರಾಕಿಯ ಹಾಗೆ ಕೂತು ನೋಡಿ. ನಾನು ಎರಡು ತಿಂಗಳು ನೋಡಲಿಲ್ಲ. ಬೈದು ಬರೆದವರಿಗೆ ಮೊದಲು ಉತ್ತರ ಬರೆಯಿರಿ. ನನಗೆ ಗೊತ್ತಿರುವುದು ಇಷ್ಟೇ. ಒಂದು ಲಕ್ಷದ ದಾರಿ ಗೊತ್ತಿದ್ದರೆ ಬಸ್ಸಿನಲ್ಲಿ ಓಡಾಡುತ್ತಿದ್ದೆನಾ?" ಕೊನೆಗೆ, "ಇಲ್ಲಿ ಎಡಗೈಯವರು ಎಷ್ಟು ಜನ? ಕೈ ಎತ್ತಿ," ಎಂದಳು. ಹದಿನಾರು ಕೈ ಮೇಲೆದ್ದವು. ಅದರಲ್ಲಿ ಐದು, ಹಳೆಯ ಹೆದರಿಕೆಯಿಂದ, ಬಲಗೈ.

ಕೆಳಗಿಳಿದವಳನ್ನು ಪರದೆಯ ಹಿಂದೆ ವಿಜೇತಾ ಮೇಡಂ ಹಿಡಿದುಕೊಂಡಳು. ಸಿಟ್ಟಿನಲ್ಲಿ ಇಂಗ್ಲಿಷು ಹೋಯಿತು, ಮಲಯಾಳವೂ ಹೋಯಿತು, ಉಳಿದದ್ದು ಕನ್ನಡ.

"ಎಂತ ಮಾಡಿದ್ರಿ ಮಾರಾಯ್ರೇ ನೀವು! ನನ್ನ ಹೊಟ್ಟೆಗೆ ಹೊಡೆದ್ರಲ್ಲ!"

ಕುಸುಮಾವತಿ ಕಣ್ಣರಳಿಸಿದಳು. "ಅರೇ, ನೀವು ಊರಿನವರಾ? ಯಾವ ಕಡೆ?"

ವಿಜೇತಾ ಪರದೆಯ ಸಂದಿನಿಂದ ಹೊರಗೆ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಪುತ್ತೂರು ಹತ್ತಿರ," ಎಂದಳು. "ಮದುವೆಯಾಗಿ ಇಲ್ಲಿಗೆ ಬಂದದ್ದು. ಯಾರಿಗೂ ಹೇಳ್ಬೇಡಿ. ಹೊರಗಿನವರ ಹತ್ರ ಇಲ್ಲಿ ಪಾಠ ಯಾರು ಕಲಿತಾರೆ?"

"ನಾನು ಕಲ್ತೆ ಅಲ್ವಾ," ಎಂದಳು ಕುಸುಮಾವತಿ. "ಆ ಹಳದಿ ಚೀಟಿ ಕೊಡದಿದ್ರೆ ನಾನು ಕತ್ತರಿ ಅಂತ ಬರೀತಿರ್ಲಿಲ್ಲ. ಅದೊಂದು ಪಾಠ ಸುಳ್ಳಲ್ಲ ನೋಡಿ."

ಹೊರಗೆ ಕೆಲವರು ದುಡ್ಡು ವಾಪಸು ಕೇಳುತ್ತಿದ್ದರು, ಅದಕ್ಕಿಂತ ಹೆಚ್ಚು ಜನ ಕುಸುಮಾವತಿಯ ವಿಳಾಸ ಕೇಳುತ್ತಿದ್ದರು. ಮುಂದಿನ ತಿಂಗಳಿನ ಶಿಬಿರದ ಜಾಹೀರಾತಿನಲ್ಲಿ ಚಿನ್ನದ ಪಾಠಗಳು ಎಂಟಾಗಿದ್ದವು: 'ಬೈಯುವವನೇ ನಿಜವಾದ ಗಿರಾಕಿ.' ಶುಲ್ಕವೂ ಅಷ್ಟೇ ಏರಿತ್ತು. "ಇದಕ್ಕೆ ನೋಟಿಸು ಕೊಡಬಹುದು," ಎಂದು ಉಪೇಂದ್ರ ಪೆನ್ನು ತೆಗೆದ. ಕುಸುಮಾವತಿ ಪೆನ್ನು ಕಿತ್ತಿಟ್ಟಳು.

ಅಂಗಡಿ ನಡೆಯಿತು. ಭರ್ಜರಿಯಾಗಿ ಅಲ್ಲ; ಪೈಲಿ ವಾರಕ್ಕೆ ಎರಡು ದಿನ ಅವಳ ಕೆಲಸಕ್ಕೆಂದೇ ತೆಗೆದಿಡುವಷ್ಟು. ಕೊಲ್ಲಂನ ಟೀಚರಿಗೆ ಸಣ್ಣ ಕತ್ತರಿಗಳು ಹೋದವು. ಬಾಲರಾಮಪುರದ ಒಂದು ಹೊಲಿಗೆ ಘಟಕದವರು ತಮ್ಮಲ್ಲಿ ನಾಲ್ವರು ಎಡಗೈ ಹೆಂಗಸರಿದ್ದಾರೆ ಎಂದು ಬರೆದರು. ಓಂಕಾರಪ್ಪನವರು ಸೈಟಿನ ಮೂಲೆಯಲ್ಲಿ ಒಂದೇ ಒಂದು ಮಲ್ಲಿಗೆ ಉದುರಿಸಲು ಅನುಮತಿ ಕೇಳಿದರು, ಸಿಗಲಿಲ್ಲ.

ಮಾರ್ಚಿನಲ್ಲಿ ಕೋಝಿಕ್ಕೋಡಿನಿಂದ ಒಬ್ಬ ನಿವೃತ್ತ ತಹಶೀಲ್ದಾರರ ಪತ್ರ ಬಂತು. ಕತ್ತರಿ ಬಹಳ ಚೆನ್ನಾಗಿದೆ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಪೇಪರು ನೆಟ್ಟಗೆ ಕತ್ತರಿಸಿದೆ ಎಂದು ಬರೆದಿದ್ದರು. ಆದರೆ ಒಂದು ತೊಂದರೆ. ಮನೆಯಲ್ಲಿದ್ದ ಹಳೆಯ ಕತ್ತರಿಯನ್ನು ಖುಷಿಯಲ್ಲಿ ಬಿಸಾಡಿದ್ದಾರೆ. ಹೆಂಡತಿ ಬಲಗೈಯವಳು, ಹೊಸದರಲ್ಲಿ ಏನೂ ಕತ್ತರಿಸಲಾಗದೆ ಮೂರು ದಿನದಿಂದ ಮಾತು ಬಿಟ್ಟಿದ್ದಾಳೆ. ತಮ್ಮಲ್ಲಿ ಬಲಗೈ ಕತ್ತರಿ ಸಿಗುತ್ತದೆಯೇ?

"ಇಪ್ಪತ್ತೆರಡನೇ ಷರತ್ತು," ಎಂದ ಉಪೇಂದ್ರ, ಕಾಫಿ ಲೋಟದ ಹಿಂದಿನಿಂದ.

ಕುಸುಮಾವತಿ ಅವನಿಗೆ ಕಿವಿಗೊಡದೆ ಮಗಳಿಗೆ ಉತ್ತರ ಹೇಳಿ ಬರೆಸಿದಳು. 'ಬಲಗೈಯವರ ಕಷ್ಟ ನನಗೆ ಅರ್ಥವಾಗುತ್ತದೆ, ಸರ್. ಅವರಿಗೆ ಸ್ವಲ್ಪ ಹೊಂದಿಕೊಳ್ಳಲು ಹೇಳಿ.'